ಸಬ್‌ವೇ ಲೆನ್ಸು ಮತ್ತು ಮಲ್ಲಪ್ಪನ ಕೈ

ಮೊನ್ನೆ ಭಾನುವಾರ ಮಗಳಿಗೆ ಒಂದು ಪಾರ್ಸೆಲ್ ಬಂತು. ನಡುಮನೆಯಲ್ಲೇ ಕೂತು ಅವಳು ಅದರ ಟೇಪು ಕೀಳುತ್ತಿದ್ದಳು, ನಾನು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಡಬ್ಬಿ ತೆರೆದದ್ದೇ ತಡ, ಹೊಸ ರೆಕ್ಸಿನ್ ವಾಸನೆ ಮೂಗಿಗೆ ಬಡಿದು ನನ್ನ ಕೈ ಅಲ್ಲೇ ನಿಂತಿತು. ಪುಟ್ಟ ಕಪ್ಪು ಚೀಲ, ಅದರೊಳಗೆ ನಿಂಬೆಹಣ್ಣಿನ ಹೋಳಿನಷ್ಟು ಗಾಜು, ಅದಕ್ಕೊಂದು ಕ್ಲಿಪ್ಪು. ಮೊಬೈಲಿನ ಕ್ಯಾಮೆರಾದ ಮೇಲೆ ಸಿಕ್ಕಿಸಿದರೆ ಇಡೀ ಕೋಣೆ ಒಂದೇ ಫೋಟೋದಲ್ಲಿ ಬರುತ್ತದಂತೆ.

“ಅಮ್ಮಾ, ನೀನು ಆಗ ಫೋಟೋ ತೆಗೀತಿದ್ಯಲ್ಲ. ಇಂಥ ಲೆನ್ಸು ದುಡ್ಡು ಕೊಟ್ಟು ತಗೊಳ್ಳೋಕೆ ಲಾಯಕ್ಕಾ ಹೇಳು. ಬೇಡ ಅಂದ್ರೆ ವಾಪಸ್ ಕಳಿಸ್ಬಿಡ್ತೀನಿ, ಇನ್ನೂ ಟೈಮ್ ಇದೆ” ಎಂದಳು.

ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿದೆ. ಮೂವತ್ತು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತ ಬಂದಿದ್ದೇನೆ. ಅಗ್ಗದ ಲೆನ್ಸಿನ ಸಹವಾಸ ಬೇಡ, ನಾನೊಮ್ಮೆ ತಗೊಂಡು ಕೆಟ್ಟಿದ್ದೇನೆ, ಒಂದು ಒಳ್ಳೆಯ ಗ್ರೂಪ್ ಫೋಟೋ ಅದರಿಂದ ಹಾಳಾಯಿತು. ಇದು ನನ್ನ ಬಾಯಲ್ಲಿ ಎಷ್ಟು ಸಲ ಬಂದಿದೆಯೆಂದರೆ ನಮ್ಮ ನೆಂಟರಲ್ಲಿ ಯಾರೂ ಕ್ಯಾಮೆರಾ ವಿಷಯವನ್ನು ನನ್ನೆದುರು ಎತ್ತುವುದಿಲ್ಲ. ಆದರೆ ಆ ರೆಕ್ಸಿನ್ ವಾಸನೆ ಮೂಗಿನಲ್ಲಿರುವಾಗ ಆ ಉತ್ತರ ಹೇಳಲು ಮನಸ್ಸಾಗಲಿಲ್ಲ.

“ತಡಿ, ಯೋಚನೆ ಮಾಡಿ ಹೇಳ್ತೀನಿ” ಎಂದೆ. ಒಂದು ಲೆನ್ಸಿಗೆ ಯೋಚನೆ ಏನು ಬಂತು ಎಂದು ಅವಳು ನಕ್ಕಳು.

ನಿಮಗೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹುಟ್ಟಾ ಹೆದರುಪುಕ್ಕಲಿ. ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ತಿರುಗಿ ಬಂದವಳು. ಬೀಗ ಹಾಕಿದ ಮೇಲೆ ಜಗ್ಗಿ ನೋಡುವ ಭರಕ್ಕೆ ಎರಡು ಸಲ ಚಿಲಕವೇ ಕಿತ್ತು ಕೈಗೆ ಬಂದಿದೆ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ಹತ್ತು ನಿಮಿಷ ತಡವಾಗಿ ಬಂದರೆ ಅಷ್ಟರೊಳಗೆ ನಾನು ಮನಸ್ಸಿನಲ್ಲೇ ಆಸ್ಪತ್ರೆ, ಪೊಲೀಸ್ ಸ್ಟೇಷನ್ ಎರಡೂ ಸುತ್ತಿ ಬಂದಿರುತ್ತಿದ್ದೆ. ಇಂಥವಳಿಗೆ ದೇವರು ಕೊಟ್ಟ ಕೆಲಸವೂ ತಕ್ಕದ್ದೇ. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ, ತೊಂಬತ್ತರ ದಶಕದ ನಡುವೆ, ಪೀಣ್ಯದ ಒಂದು ಶೆಡ್ಡಿಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಸೇರಿದೆ. ಏನು ತಪ್ಪಿದೆ, ಎಲ್ಲಿ ತಪ್ಪಿದೆ, ಇನ್ನೇನು ತಪ್ಪಬಹುದು ಎಂದು ದಿನವಿಡೀ ಅನುಮಾನ ಪಡುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು.

ಅದು ಪ್ರೆಸ್ ಶೆಡ್ಡು. ಉದ್ದಕ್ಕೆ, ಇಕ್ಕಟ್ಟಾಗಿ, ಮೇಲೆ ಸಿಮೆಂಟ್ ಶೀಟು. ಒಳಗೆ ಸಾಲಾಗಿ ಯಂತ್ರಗಳು, ಮೂವತ್ತು ಜನ. ತಗಡಿನ ಪಟ್ಟಿಯನ್ನು ಅಚ್ಚಿನ ಮೇಲೆ ಇಟ್ಟರೆ ಮೇಲಿನಿಂದ ಟನ್‌ಗಟ್ಟಲೆ ಭಾರ ಬಂದು ಬೀಳುತ್ತದೆ, ಕತ್ತರಿಸಿದ ಬಿಲ್ಲೆಯೊಂದು ಕೆಳಗಿನ ಟ್ರೇಗೆ ಉದುರುತ್ತದೆ. ಧಡ್. ಮತ್ತೆ ಇಡು, ಮತ್ತೆ ಧಡ್. ಆ ಸದ್ದಿಗೆ ಒಂದು ವಾರದಲ್ಲಿ ಕಿವಿ ಒಗ್ಗಿಬಿಡುತ್ತದೆ. ಒಗ್ಗದೆ ಉಳಿಯುವುದು ಸದ್ದು ನಿಲ್ಲುವುದಕ್ಕೆ. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಪ್ರೆಸ್ಸು ನಿಂತರೆ ಉಳಿದವರೆಲ್ಲ ತಲೆ ಎತ್ತುತ್ತಿದ್ದರು. ಯಾರೂ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಅಚ್ಚು ಬದಲಿಸುವುದಕ್ಕೆ ನಿಲ್ಲಿಸಿದ್ದು ಎಂದು ಗೊತ್ತಾದ ಮೇಲೆ ಮತ್ತೆ ತಲೆ ತಗ್ಗಿಸುತ್ತಿದ್ದರು. ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯ ಹಿಂದೆಯೂ ಒಂದು ಸಣ್ಣ ಶೆಡ್ಡಿತ್ತು. ಭಾನುವಾರ ಊಟಕ್ಕೆ ಕೂತಾಗ ಅಲ್ಲಿ ಸದ್ದು ನಿಂತರೂ ನನ್ನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು.

ನಮ್ಮಲ್ಲಿ ನಾಲ್ಕನೇ ನಂಬರಿನ ಪ್ರೆಸ್ಸು ಹೊಸದು. ಅದಕ್ಕೆ ಎರಡು ಹಸಿರು ಬಟನ್ನು, ಒಂದರಿಂದ ಒಂದು ಮೊಳ ದೂರ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಭಾರ ಇಳಿಯುತ್ತದೆ. ಎರಡೂ ಕೈ ಬಟನ್ನಿನ ಮೇಲಿದ್ದರೆ ಅಚ್ಚಿನ ನಡುವೆ ಕೈ ಇರುವುದು ಸಾಧ್ಯವೇ ಇಲ್ಲ, ಅದೇ ಉಪಾಯ. ಆ ಯಂತ್ರ ಬಂದ ದಿನ ಅದನ್ನು ಮಾಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ. ಆದರೆ ಹಾಗೆ ಒತ್ತುತ್ತ ಕೂತರೆ ಪೀಸು ಕಡಿಮೆ ಬೀಳುತ್ತದೆ, ಟಾರ್ಗೆಟ್ ಮುಟ್ಟುವುದಿಲ್ಲ. ಹಾಗಾಗಿ ಒಂದು ಬಟನ್ನನ್ನು ಒತ್ತಿ, ಅದರ ಸಂದಿಗೆ ಒಂದು ಮರದ ಬೆಣೆ ಬಡಿದುಬಿಡುವುದು. ಅದು ಒತ್ತಿಕೊಂಡೇ ಇರುತ್ತದೆ. ಆಮೇಲೆ ಬಲಗೈಗೆ ಇನ್ನೊಂದು ಬಟನ್ನು, ಎಡಗೈಗೆ ತಗಡು. ಎಡಗೈ ದಿನವಿಡೀ ಅಚ್ಚಿನೊಳಗೆ ಹೋಗಿ ಬರುತ್ತಿರುತ್ತದೆ.

ದಿನಾ ಬೆಳಿಗ್ಗೆ ಪ್ರತಿ ಯಂತ್ರಕ್ಕೂ ಒಂದು ಹಾಳೆ ತುಂಬುವುದು ನನ್ನ ಕೆಲಸ. ಮೊದಲ ಪೀಸಿನ ಅಳತೆ, ಎಣ್ಣೆ, ಗಾಳಿಯ ಒತ್ತಡ, ಕೊನೆಯ ಸಾಲಿನಲ್ಲಿ ‘ಎರಡು ಕೈ ಬಟನ್ ಸರಿ ಇದೆಯೇ’. ನಾನು ಎಂಟು ಗಂಟೆಗೇ ಹೋಗಿ ‘ಹೌದು’ ಎಂದು ಬರೆದು ಸಹಿ ಹಾಕುತ್ತಿದ್ದೆ. ಬೆಣೆ ಬಡಿಯುತ್ತಿದ್ದದ್ದು ಒಂಬತ್ತರ ಮೇಲೆ. ನಾನು ಸುಳ್ಳು ಬರೆದವಳಲ್ಲ, ಬೇಗ ಬರೆದವಳು. ಒಂಬತ್ತರ ನಂತರ ನಾಲ್ಕನೇ ಪ್ರೆಸ್ಸಿನ ಹತ್ತಿರ ಹೋಗಬೇಕಾಗಿ ಬಂದರೆ ನನ್ನ ಕಣ್ಣು ಪೀಸಿನ ಟ್ರೇ ಬಿಟ್ಟು ಮೇಲೇಳುತ್ತಿರಲಿಲ್ಲ.

ಆ ಪ್ರೆಸ್ಸಿನವನು ಮಲ್ಲಪ್ಪ. ಬಾದಾಮಿ ಕಡೆಯವನು, ಇಪ್ಪತ್ತೈದರ ಆಸುಪಾಸು, ಬಾಗಲಗುಂಟೆಯಲ್ಲೇ ಮೂರು ಜನರ ಜೊತೆ ಒಂದು ಕೋಣೆ ಹಿಡಿದಿದ್ದ. ಕೈಕೆಲಸ ಬಲ್ಲವನು. ಸಿಕ್ಕಿದ ಚೆಕ್ಕೆ ತುರುಕಿದರೆ ಅವನಿಗೆ ಸಮಾಧಾನವಿಲ್ಲ. ಬೇವಿನ ತುಂಡೊಂದನ್ನು ತಂದು, ಬಿಡುವಿನಲ್ಲಿ ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಸಂಜೆ ಬೆಣೆಯನ್ನು ಕಿತ್ತು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಟೂಲ್ ಡಬ್ಬಿಯಲ್ಲಿ ಇಡುತ್ತಿದ್ದ. ಅಳತೆ ತೆಗೆಯುವ ನನ್ನ ವರ್ನಿಯರನ್ನು ನಾನೂ ಅಷ್ಟು ಅಕ್ಕರೆಯಿಂದ ಒರೆಸುತ್ತಿರಲಿಲ್ಲ.

ಇನ್ನು ನನ್ನ ಕ್ಯಾಮೆರಾ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಬೇರೆ ಕಡೆ ಹೋಗುವಾಗ ನನಗೆ ದಾಟಿಸಿದ್ದು. ಅಂಗೈಯಲ್ಲಿ ಹಿಡಿಯುವಂಥ ಸಣ್ಣ ಫಿಲಂ ಕ್ಯಾಮೆರಾ. ಇಂಥವುಗಳ ಗುಟ್ಟೊಂದನ್ನು ನಿಮಗೆ ಹೇಳಬೇಕು. ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಫೋಟೋ ಹಿಡಿಯುವ ಲೆನ್ಸು ಬೇರೆ. ನೀವು ನೋಡಿದ್ದನ್ನೇ ಅದೂ ನೋಡಿತೆಂದು ನಂಬಿ ಕ್ಲಿಕ್ ಮಾಡಬೇಕು, ಫಿಲಂ ತೊಳೆದು ಬರುವವರೆಗೆ ಜೀವ ಬಿಗಿಹಿಡಿದು ಕಾಯಬೇಕು. ನನ್ನಂಥವಳಿಗೆ ಹೇಳಿ ಮಾಡಿಸಿದ ಹವ್ಯಾಸ. ಫ್ಯಾಕ್ಟರಿಯಲ್ಲಿ ಕ್ಯಾಮೆರಾ ಇದ್ದವಳು ನಾನೊಬ್ಬಳೇ ಆದ್ದರಿಂದ ಆಯುಧಪೂಜೆಯ ಗ್ರೂಪ್ ಫೋಟೋ ನನ್ನ ಪಾಲಿಗೆ ಬಂದಿತ್ತು. ಶೆಡ್ಡು ಇಕ್ಕಟ್ಟು, ರೋಲಿಂಗ್ ಶಟರಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದರೂ ಮೂವತ್ತು ಜನ ಹಿಡಿಸುತ್ತಿರಲಿಲ್ಲ. ಮೊದಲ ವರ್ಷ ತುದಿಯಲ್ಲಿ ನಿಂತಿದ್ದ ಮಲ್ಲಪ್ಪ ಹೊರಗೆ ಉಳಿದುಬಿಟ್ಟ. ಪಕ್ಕದವನಾದ ಕೃಷ್ಣನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ ಅವನ ಕೈ ಮಾತ್ರ ಬಂದಿತ್ತು.

ಎರಡನೇ ವರ್ಷ ಪೂಜೆಗೆ ವಾರವಿರುವಾಗ ಅವನೇ ಬಂದು ಕೇಳಿದ. “ಅಕ್ಕಾರ, ಹ್ವಾದ ವರ್ಷ ನನ್ನ ಕೈ ಅಷ್ಟ ಬಂದಿತ್ರಿ. ಊರಿಗೆ ಕಳಿಸಿದ್ರ ನಮ್ಮವ್ವ ಕೇಳ್ಯಾಳ್ರಿ, ಇದರಾಗ ನೀ ಎಲ್ಲಿ ಅದಿ ಅಂತ. ಕೃಷ್ಣನ ಹೆಗಲ ಮ್ಯಾಲ ಐತಲ್ಲ, ಆ ಕೈ ನಂದವ್ವಾ ಅಂತ ಬರದ್ನಿ. ಈ ಸಲ ನಾ ಪೂರಾ ಬರೂವಂಗ ತಗೀರಿ.”

ಅವನು ನಗುತ್ತಲೇ ಹೇಳಿದ. ಕೈ ಅಷ್ಟೇ ಎಂಬ ಮಾತು ಕೇಳಿ ನನಗೆ ಮಾತ್ರ ಹೆದರಿಕೆಯಾಯಿತು. ಆ ಶನಿವಾರವೇ ಮೆಜೆಸ್ಟಿಕ್ಕಿಗೆ ಹೋದೆ. ಸಬ್‌ವೇಯ ಮೆಟ್ಟಿಲ ಹತ್ತಿರ ಪ್ಲಾಸ್ಟಿಕ್ ಹಾಳೆ ಹಾಸಿ, ಟಾರ್ಚು, ಬಾಚಣಿಗೆ, ಕ್ಯಾಲ್ಕುಲೇಟರುಗಳ ನಡುವೆ ಒಬ್ಬ ಲೆನ್ಸು ಮಾರುತ್ತಿದ್ದ. ಸಣ್ಣ ಕ್ಯಾಮೆರಾದ ಮೂತಿಗೆ ಅಂಟಿಸುವಂಥದ್ದು.

“ವೈಡ್ ಲೆನ್ಸ್ ಮೇಡಂ, ಸಕ್ಕತ್ ಐಟಂ. ಇದು ಹಾಕಿದ್ರೆ ಸೈಡಲ್ಲಿ ಇರೋದೆಲ್ಲಾ ಬರುತ್ತೆ. ನೀವು ನೋಡ್ದೇ ಇರೋದೂ ಬರುತ್ತೆ.”

“ಗ್ಯಾರಂಟಿ ಇದೆಯಾ?”

“ಸಬ್‌ವೇ ದಾಟೋ ತನಕ ಗ್ಯಾರಂಟಿ ಮೇಡಂ.”

ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಾನು ಆಮೇಲೆ ಕಂಡಿಲ್ಲ. ಚೌಕಾಸಿ ಮಾಡಿ ಅರ್ಧ ಬೆಲೆಗೆ ತಗೊಂಡೆ. ರೆಕ್ಸಿನ್ ಚೀಲವನ್ನು ದಾರಿಯುದ್ದಕ್ಕೂ ಬ್ಯಾಗಿನೊಳಗೆ ಮುಟ್ಟಿ ನೋಡಿಕೊಳ್ಳುತ್ತ ಬಂದೆ. ಮನೆಯಲ್ಲಿ ಅಂಟಿಸುವಾಗ ಅಂಟು ಕ್ಯಾಮೆರಾದ ಒಳಗೆ ಇಳಿದೀತೆಂಬ ಹೆದರಿಕೆ, ಅಂಟಿಸಿದ ಮೇಲೆ ಬಿದ್ದುಹೋದೀತೆಂಬ ಹೆದರಿಕೆ. ಪ್ರಯೋಗಕ್ಕೆಂದು ಫಿಲಂ ಸುಡುವ ಧೈರ್ಯವೂ ಆಗಲಿಲ್ಲ. ಕಿಂಡಿಯಲ್ಲಿ ನೋಡಿದರೆ ಲೆನ್ಸು ಹಾಕಿದರೂ ಒಂದೇ, ತೆಗೆದರೂ ಒಂದೇ.

ಪೂಜೆಯ ದಿನ ಯಂತ್ರಗಳೆಲ್ಲ ನಿಂತಿದ್ದವು, ಆದರೆ ಅದು ಹೆದರಬೇಕಾದ ನಿಶ್ಶಬ್ದವಲ್ಲ. ಬಾಗಿಲಿಗೆ ಬಾಳೆಕಂದು, ಪ್ರೆಸ್ಸುಗಳಿಗೆ ಚೆಂಡುಹೂವಿನ ಹಾರ, ಬೆಂಚಿನ ಮೇಲೆ ಸ್ಪ್ಯಾನರು, ಸುತ್ತಿಗೆ, ಅರ, ಸಾಲಾಗಿ. ಕೆಲಸದ ಒಂದು ಸಾಮಾನನ್ನೂ ಬಿಡಬಾರದೆಂದು ಸೂಪರ್‌ವೈಸರ್ ರಾಜಣ್ಣ ಎಲ್ಲದಕ್ಕೂ ಅರಿಶಿನ ಕುಂಕುಮ ಹಚ್ಚಿಸುತ್ತಿದ್ದರು. ನನ್ನ ವರ್ನಿಯರಿಗೂ ಹಚ್ಚಿದರು, ಕುಂಕುಮ ಅದರ ಗೀಟಿನೊಳಗೆ ಕೂತು ಅಳತೆ ತಪ್ಪೀತೆಂದು ನಾನು ಒಳಗೊಳಗೇ ಒದ್ದಾಡಿದೆ. ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚುವ ಹೊತ್ತಿಗೆ ನನ್ನ ಫಿಲಂನಲ್ಲಿ ಉಳಿದದ್ದು ಒಂದೇ ಫೋಟೋ. ಎಲ್ಲರೂ ಸಾಲಾಗಿ ನಿಂತರು. ಎಡತುದಿಯಲ್ಲಿ ತನ್ನ ನಾಲ್ಕನೇ ನಂಬರಿನ ಪಕ್ಕ ಮಲ್ಲಪ್ಪ, ಎಡಗೈ ಕೃಷ್ಣನ ಹೆಗಲ ಮೇಲೆ. ಕಿಂಡಿಯಲ್ಲಿ ಅವನು ಕಾಣಲಿಲ್ಲ, ಕೃಷ್ಣನೂ ಅರ್ಧವೇ ಕಂಡ. ಸಬ್‌ವೇಯವನ ಮಾತನ್ನು ನಂಬಿ ಒತ್ತಿದೆ.

“ಈ ಫೋಟೋ ದೊಡ್ಡದು ಮಾಡಿಸಿ ಆಫೀಸಲ್ಲಿ ಹಾಕ್ಸೋಣ ಮೇಡಂ, ಸರ್ಟಿಫಿಕೇಟಿನೋರು ಬರ್ತಾರಲ್ಲ” ಎಂದರು ಓನರ್. ಆಗ ಪೀಣ್ಯದ ಪ್ರತಿ ಶೆಡ್ಡಿಗೂ ಗುಣಮಟ್ಟದ ಸರ್ಟಿಫಿಕೇಟ್ ಪಡೆಯುವ ಹುಚ್ಚು ಹಿಡಿದಿತ್ತು.

ವಾರದ ನಂತರ ಸ್ಟುಡಿಯೋದಿಂದ ಪ್ರಿಂಟು ಬಂತು. ಆ ಲೆನ್ಸಿನ ಗುಣದೋಷವನ್ನು ಇವತ್ತು ನಿಮಗೆ ನಿಜವಾಗಿಯೇ ಹೇಳುತ್ತೇನೆ. ನಡುವಿನಲ್ಲಿದ್ದವರು ಚೆನ್ನಾಗಿಯೇ ಬಂದಿದ್ದರು. ಅಂಚಿಗೆ ಹೋದ ಹಾಗೆ ಸ್ವಲ್ಪ ಕಲಸಿಕೊಂಡಿತ್ತು, ನೆಟ್ಟಗಿನ ಕಂಬಗಳು ಬಾಗಿದ್ದವು, ನಾಲ್ಕು ಮೂಲೆಯಲ್ಲೂ ಬಾವಿಯೊಳಗಿನಿಂದ ಮೇಲೆ ನೋಡಿದಂಥ ಕಪ್ಪು. ಆದರೆ ಮೂವತ್ತು ಜನರೂ ಇದ್ದರು. ಮಲ್ಲಪ್ಪ ತಲೆಯಿಂದ ಕಾಲಿನವರೆಗೆ ಬಂದಿದ್ದ, ಹಲ್ಲು ಕಾಣುವಂತೆ ನಗುತ್ತಿದ್ದ. ಅವನ ಪಕ್ಕಕ್ಕೆ, ನಾನು ಕಿಂಡಿಯಲ್ಲಿ ನೋಡದೇ ಇದ್ದ ಜಾಗದಲ್ಲಿ, ನಾಲ್ಕನೇ ನಂಬರಿನ ಹಸಿರು ಬಟನ್ನು. ಅದರ ಮೇಲೆ ಚೆಂಡುಹೂವು. ಅದರ ಸಂದಿಯಲ್ಲಿ ಬೆಣೆ. ಬೆಣೆಗೆ ಅರಿಶಿನ, ಅರಿಶಿನದ ಮೇಲೆ ಕುಂಕುಮದ ಬೊಟ್ಟು.

ಸ್ಟುಡಿಯೋದ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಈಗ ಯೋಚಿಸಿದರೆ ಆ ಕಲಸಿದ ಅಂಚಿನಲ್ಲಿ ಬೆಣೆಯನ್ನು ಗುರುತಿಸುವವರು ನಾನೂ ಮಲ್ಲಪ್ಪನೂ ಬಿಟ್ಟರೆ ಯಾರೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಆ ಫೋಟೋದಲ್ಲಿ ಬೆಣೆ ಬಿಟ್ಟು ಬೇರೇನೂ ಕಾಣಲಿಲ್ಲ. ಅದು ಗೋಡೆಗೆ ಏರುತ್ತದೆ, ಸರ್ಟಿಫಿಕೇಟಿನವರು ಬೆರಳು ಮಾಡಿ ತೋರಿಸುತ್ತಾರೆ, ಒಂದು ವರ್ಷದ ಹಾಳೆಗಳನ್ನು ತೆಗೆಸುತ್ತಾರೆ, ಪ್ರತಿಯೊಂದರಲ್ಲೂ ‘ಹೌದು’, ಪ್ರತಿಯೊಂದರ ಕೆಳಗೂ ನನ್ನ ಸಹಿ. ಅವನ ಕೈಗೆ ಏನಾದೀತೆಂಬ ಹೆದರಿಕೆ ಮೊದಲು ಬರಬೇಕಿತ್ತು. ಬಂದದ್ದು ಎರಡನೆಯದಾಗಿ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಮನೆಗೆ ಬಂದು ಕತ್ತರಿ ತೆಗೆದುಕೊಂಡೆ. ಯಂತ್ರ ಹೋಗಬೇಕಾದರೆ ಮಲ್ಲಪ್ಪನೂ ಹೋಗಬೇಕಿತ್ತು. ಅವನಿಗೂ ಕೃಷ್ಣನಿಗೂ ನಡುವೆ ನೇರವಾಗಿ ಕತ್ತರಿಸಿದೆ, ಫೋಟೋ ಎರಡಾಯಿತು. ಹೆದರಿದವರಿಗೆ ಅರ್ಧ ಕೆಲಸ ಮಾಡಿ ಗೊತ್ತಿಲ್ಲ, ನೆಗೆಟಿವನ್ನು ಸ್ನಾನದ ಒಲೆಗೆ ಹಾಕಿದೆ. ಆಮೇಲೆ ದೊಡ್ಡ ತುಂಡನ್ನು ಓನರಿಗೆ ಕೊಡೋಣವೆಂದು ನೋಡಿದರೆ, ಕೃಷ್ಣನ ಹೆಗಲ ಮೇಲೆ ಮಲ್ಲಪ್ಪನ ಕೈ ಹಾಗೇ ಉಳಿದಿತ್ತು. ಮಣಿಕಟ್ಟಿನ ಹತ್ತಿರ ನನ್ನ ಕತ್ತರಿ ಆಡಿತ್ತು. ಇನ್ನೊಂದು ತುಂಡಿನಲ್ಲಿ ಮಲ್ಲಪ್ಪ ನಗುತ್ತ ನಿಂತಿದ್ದ, ಎಡಗೈ ಇಲ್ಲದೆ.

ಎರಡನ್ನೂ ಯಾರಿಗೂ ತೋರಿಸಲಾಗಲಿಲ್ಲ, ಇನ್‌ಸ್ಪೆಕ್ಷನ್ ರೂಮಿನ ನನ್ನ ಡ್ರಾಯರಿನಲ್ಲಿ ಅಡಗಿಸಿಟ್ಟೆ. ಮಾರನೇ ದಿನ ಓನರಿಗೂ ರಾಜಣ್ಣನವರಿಗೂ ಮಲ್ಲಪ್ಪನಿಗೂ ಒಂದೇ ಮಾತು ಹೇಳಿದೆ. ಅಗ್ಗದ ಲೆನ್ಸು, ಫೋಟೋ ಹಾಳಾಯಿತು. ನನ್ನ ಮೂವತ್ತು ವರ್ಷದ ಉಪದೇಶ ಶುರುವಾದದ್ದು ಅಲ್ಲಿಂದ. ಪಾಪ, ಮಲ್ಲಪ್ಪನೇ ನನಗೆ ಸಮಾಧಾನ ಹೇಳಿದ. “ಇರಲಿ ಬಿಡ್ರಿ ಅಕ್ಕಾರ, ಮುಂದಿನ ವರ್ಷ ನಾ ನಡುವ ನಿಂದರತೀನಿ.”

ಅದಾಗಿ ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಊಟದ ನಂತರ ಇನ್‌ಸ್ಪೆಕ್ಷನ್ ರೂಮಿನಲ್ಲಿ ಬಿಲ್ಲೆಗಳ ದಪ್ಪ ಅಳೆಯುತ್ತಿದ್ದೆ. ನಾಲ್ಕನೇ ನಂಬರಿನ ಸದ್ದು ನನಗೆ ಬೇರೆಯಾಗಿಯೇ ಗೊತ್ತಾಗುತ್ತಿತ್ತು. ಧಡ್, ಧಡ್, ಧಡ್. ನಿಂತಿತು. ವರ್ನಿಯರು ಕೈಯಲ್ಲೇ ಉಳಿಯಿತು. ಉಳಿದ ಪ್ರೆಸ್ಸುಗಳೂ ಒಂದೊಂದಾಗಿ ನಿಧಾನವಾದವು. ಏಳಬೇಕು, ಓಡಬೇಕು, ಫಸ್ಟ್ ಏಡ್ ಡಬ್ಬಿ ನನ್ನ ತಲೆಯ ಮೇಲಿನ ಗೋಡೆಯಲ್ಲೇ ಇತ್ತು. ಏಳಲಾಗಲಿಲ್ಲ. ಯಾರಾದರೂ ಕೂಗುತ್ತಾರೆಯೇ ಎಂದು ಕಿವಿಗೊಟ್ಟು ಕೂತೆ. ಯಾರೂ ಕೂಗಲಿಲ್ಲ. ಕೂಗದೇ ಇದ್ದದ್ದು ಇನ್ನೂ ಹೆಚ್ಚು ಹೆದರಿಸಿತು.

ಬಾಗಿಲಲ್ಲಿ ಮಲ್ಲಪ್ಪ ಬಂದು ನಿಂತ. ಕೈಯಲ್ಲಿ ಒಂದು ಬಿಲ್ಲೆ. “ಅಕ್ಕಾರ, ಇದ ನೋಡ್ರಿ, ಅಂಚಿಗೆ ಮುಳ್ಳ ಬರಾಕತ್ತೈತಿ. ಅಚ್ಚ ಸಾಣಿ ಹಿಡಸಬೇಕೇನ?”

ನಾನು ಬಿಲ್ಲೆ ನೋಡಲಿಲ್ಲ, ಅವನ ಎರಡೂ ಕೈ ನೋಡಿದೆ. ಆಮೇಲೆ ಅಳು ಬಂತು. ಅವನು ಗಾಬರಿಯಾದ. “ಯಾಕ್ರಿ, ಏನಾತ್ರಿ? ಮೈಯಾಗ ಆರಾಮ ಇಲ್ಲೇನ್ರಿ?”

ಡ್ರಾಯರಿನಿಂದ ಸಣ್ಣ ತುಂಡನ್ನು ತೆಗೆದು ಅವನ ಮುಂದಿಟ್ಟೆ. ನೋಡಿದವನೇ ಮುಖ ಅರಳಿಸಿದ. “ಏ, ನಾ ಬಂದೀನಲ್ರಿ. ಹಾಳಾಗೈತಿ ಅಂದಿದ್ರಿ?”

“ಪಕ್ಕದಲ್ಲಿ ನೋಡು ಮಲ್ಲಪ್ಪ.”

“ನಾಕನೇ ನಂಬರ್ ಅಲ್ರಿ. ಹೂವಾ ಏರಿಸೀನಿ.”

“ಹೂವಿನ ಕೆಳಗೆ.”

“ಬೆಣಿ” ಎಂದ. ಅವನಲ್ಲಿ ಮುಚ್ಚಿಡುವ ಗಡಿಬಿಡಿ ಇರಲಿಲ್ಲ. “ಅದೂ ಅನ್ನ ಕೊಡೂ ಸಾಮಾನ ಅಲ್ಲೇನ್ರಿ? ಎಲ್ಲಾಕ್ಕೂ ಪೂಜಿ ಮಾಡಿ ಅದನ್ನೊಂದ ಬಿಟ್ರ ಹೆಂಗ?”

“ಒಂದಲ್ಲ ಒಂದು ದಿನ ಅದು ನಿನ್ನ ಕೈ ತಗೊಳ್ಳುತ್ತೆ. ತೆಗೆದು ಬಿಸಾಕು. ನನಗೆ ದಿನಾ ಹೆದರಿಕೆ ಆಗುತ್ತೆ ಕಣಪ್ಪ.”

“ಹೆದರಿಕಿ ನನಗ ಇಲ್ಲೇನ್ರಿ ಅಕ್ಕಾರ? ಹೆದರಿಕಿ ಐತಿ ಅಂತನ ಪೂಜಿ ಮಾಡೀನಿ” ಎಂದ. ಆಮೇಲೆ ಬೇಸರವಿಲ್ಲದ, ಲೆಕ್ಕ ಒಪ್ಪಿಸುವಂಥ ದನಿಯಲ್ಲಿ ಹೇಳಿದ. “ನೀವು ಎಂಟಕ್ಕ ಬಂದ ಬರಕೊಂಡ ಹೋಗ್ತೀರಿ. ನಾ ಒಂಬತ್ತಕ್ಕ ಬೆಣಿ ಬಡಿತೀನಿ. ಇಬ್ಬರದೂ ನಡದೈತಿ. ನೀವು ಹತ್ತಕ್ಕ ಬರ್ರಿ, ನಾ ಬಡಿಯೂದಿಲ್ಲ.”

ಅವನಿಗೆ ಎಲ್ಲ ಗೊತ್ತಿತ್ತು, ನನ್ನ ಎಂಟು ಗಂಟೆಯೂ ಗೊತ್ತಿತ್ತು. ಅವನು ಫೋಟೋದ ತುಂಡನ್ನು ಬೆಳಕಿಗೆ ಹಿಡಿದು, “ಇದನ್ನ ನಾ ಒಯ್ಯಲೇನ್ರಿ? ಅವ್ವಗ ಕಳಸ್ತೀನಿ” ಎಂದ. ಆಗಲೇ ಅವನಿಗೆ ಕಂಡದ್ದು. “ಈ ಸಲ ಕೈನ ಇಲ್ಲಲ್ರಿ.”

ದೊಡ್ಡ ತುಂಡನ್ನೂ ತೆಗೆದು ಕೃಷ್ಣನ ಹೆಗಲನ್ನು ತೋರಿಸಿದೆ. ಎರಡನ್ನೂ ಹಿಂದಿನಿಂದ ಟೇಪು ಹಾಕಿ ಅಂಟಿಸಿಕೊಡುತ್ತೇನೆ ಎಂದೆ. ಅವನು ತಲೆಯಾಡಿಸಿದ. “ಬ್ಯಾಡ್ರಿ. ಅವ್ವಗ ಮಾರಿ ಕಂಡ್ರ ಸಾಕು. ಕೈ ನಿಮ್ಮ ಕಡೀನ ಇರಲಿ. ಜ್ವಾಕಿ ಮಾಡ್ರಿ.” ತಮಾಷೆಗೆ ಹೇಳಿದನೋ ಏನೋ, ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ತನ್ನ ತುಂಡನ್ನು ಜೇಬಿಗೆ ಹಾಕಿಕೊಂಡು ಹೋದ.

ಮಾರನೇ ದಿನ ನಾನು ಎಂಟಕ್ಕೆ ಹೋಗಲಿಲ್ಲ. ಹತ್ತಕ್ಕೆ ಹಾಳೆ ಹಿಡಿದು ಹೋದೆ. ಬೆಣೆ ಇತ್ತು. ನಾನು ಹತ್ತಕ್ಕೆ ಬಂದೇನೆಂಬ ನಂಬಿಕೆ ಅವನಿಗೆ ಇರಲಿಲ್ಲವೆಂದು ಕಾಣುತ್ತದೆ, ಇರಬೇಕಾದ ಕಾರಣವೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ‘ಇಲ್ಲ’ ಎಂದು ಬರೆದೆ. ಎರಡೇ ಅಕ್ಷರ. ಮಲ್ಲಪ್ಪ ನನ್ನ ಮುಖ ನೋಡಿದ, ಬೆಣೆ ಕಿತ್ತು ಡಬ್ಬಿಗೆ ಹಾಕಿದ. ಎರಡು ಕೈಯೂ ಬಟನ್ನಿನ ಮೇಲೆ ಹೋದವು.

ಸಂಜೆ ರಾಜಣ್ಣ ಬಂದರು. “ಏನ್ ಮೇಡಂ ಇದು, ಇಷ್ಟು ದಿನ ಇಲ್ದಿದ್ದು? ಇಂಗೆ ಬರುದ್ರೆ ಟಾರ್ಗೆಟ್ ಎಲ್ಲಿಂದ ತರಾನ? ಓನರು ನನ್ನನ್ನ ಕೇಳ್ತಾರೆ.”

ಓನರು ಕೇಳಲಿಲ್ಲ. ಸರ್ಟಿಫಿಕೇಟಿನವರು ಬರುವುದಿತ್ತಲ್ಲ, ಒಳ್ಳೆಯದೇ ಆಯಿತು ಎಂದರು. ಮೂರು ವಾರ ನಾನು ಹತ್ತಕ್ಕೆ ಹೋದೆ. ಆ ಮೂರು ವಾರ ನಾಲ್ಕನೇ ನಂಬರಿನ ಸದ್ದು ನಿಧಾನವಾಗಿ, ಒಂದೊಂದಾಗಿ ಕೇಳುತ್ತಿತ್ತು. ನನ್ನ ನೌಕರಿಯಲ್ಲಿ ನಿದ್ದೆ ಚೆನ್ನಾಗಿ ಬಂದ ದಿನಗಳು ಅವೇ. ಸರ್ಟಿಫಿಕೇಟಿನವರು ಬಂದರು, ನೋಡಿದರು, ಹೋದರು. ಮರುದಿನ ಓನರ್ ಕರೆದು ಬಹಳ ಮೃದುವಾಗಿ ಹೇಳಿದರು. “ಎಂಟು ಗಂಟೆ ಚೆಕ್ಕನ್ನ ಎಂಟಕ್ಕೇ ಮಾಡ್ಬಿಡಿ ಮೇಡಂ. ಸಿಸ್ಟಮ್ ಅಂದ್ರೆ ಸಿಸ್ಟಮ್.”

ನಾನು “ಆಗಲಿ ಸರ್” ಎಂದೆ. ಬೈದಿದ್ದರೆ ಎದುರು ಮಾತನಾಡುತ್ತಿದ್ದೆನೇನೋ ಎಂದು ಬಹಳ ವರ್ಷ ಅಂದುಕೊಂಡೆ. ಇಲ್ಲ, ಬೈದಿದ್ದರೆ ಇನ್ನೂ ಬೇಗ ಒಪ್ಪುತ್ತಿದ್ದೆ. ಮರುದಿನ ಎಂಟಕ್ಕೆ ಹೋಗಿ ‘ಹೌದು’ ಎಂದು ಬರೆದು ಸಹಿ ಹಾಕಿದೆ. ಮಲ್ಲಪ್ಪ ತಗಡು ಜೋಡಿಸುತ್ತಿದ್ದ, ತಲೆ ಎತ್ತಲಿಲ್ಲ. ಒಂಬತ್ತೂಕಾಲಿಗೆ ನನ್ನ ರೂಮಿನಲ್ಲಿ ಕೂತಿದ್ದಾಗ ಸಣ್ಣ ಸುತ್ತಿಗೆಯ ಸದ್ದು ಕೇಳಿಸಿತು. ಟಕ್, ಟಕ್. ಎರಡೇ ಏಟು. ಅವನದು ಹದವಾಗಿ ಉಜ್ಜಿದ ಬೆಣೆ, ಮೂರನೆಯ ಏಟು ಬೇಕಾಗುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಅವನು ಬೇರೆ ಶೆಡ್ಡಿಗೆ ಹೋದ. ಅಲ್ಲಿ ಪೀಸಿಗೆ ಹೆಚ್ಚು ಕೊಡುತ್ತಾರೆಂದ. ಹೆಚ್ಚು ಕೊಡುವ ಕಡೆ ಪ್ರೆಸ್ಸು ಹೇಗೆ ಓಡುತ್ತದೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹೊರಡುವ ದಿನ ರೂಮಿನ ಬಾಗಿಲಿಗೆ ಬಂದು ಕೈಮುಗಿದ. ನಾನು ಮುಖ ನೋಡುವ ಮೊದಲು ಬೆರಳು ನೋಡಿದೆ. ಅದು ಅವನಿಗೆ ತಿಳಿಯಿತು.

“ಹತ್ತೂ ಅದಾವ್ರಿ ಅಕ್ಕಾರ” ಎಂದು ನಕ್ಕ.

ಆಮೇಲೆ ಅವನನ್ನು ನಾನು ಕಂಡಿಲ್ಲ. ಎರಡು ಸಲ ವಿಚಾರಿಸಲು ಹೊರಟು, ಏನು ಕೇಳಬೇಕಾಗಿ ಬರುತ್ತದೋ ಎಂದು ಹೆದರಿ ಅರ್ಧ ದಾರಿಯಿಂದ ತಿರುಗಿದ್ದೇನೆ. ಆ ದಿನಗಳಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಎಡಗೈ ನೋಡುತ್ತೇನೆ. ಈಗ ನಾಗಸಂದ್ರದಿಂದ ಮೆಟ್ರೊ ಹತ್ತಿದರೂ ಬಿಟ್ಟಿಲ್ಲ. ಐವತ್ತೈದರ ಆಸುಪಾಸಿನವರು ಕಂಡರೆ ಬೆರಳು ಎಣಿಸಿದ ಮೇಲೆಯೇ ಮುಖದ ಕಡೆ ಹೋಗುತ್ತೇನೆ. ಪೂರಾ ಇಲ್ಲದ ಕೈಗಳು ಆ ದಾರಿಯಲ್ಲಿ ಎಷ್ಟೋ ಸಿಗುತ್ತವೆ. ಪ್ರತಿ ಸಲವೂ ಮುಖ ನೋಡಲು ಒಂದು ಕ್ಷಣ ಧೈರ್ಯ ಬೇಕಾಗುತ್ತದೆ.

ಮೊನ್ನೆ ಸಂಜೆ ಮಗಳು ಮತ್ತೆ ಕೇಳಿದಳು. “ಯೋಚನೆ ಮುಗೀತಾ? ಇಟ್ಕೊಳ್ಳೋದಾ, ವಾಪಸ್ ಕಳ್ಸೋದಾ?”

“ಇಟ್ಕೋ” ಎಂದೆ. “ಅಂಚು ಕಲಸುತ್ತೆ, ಮೂಲೆ ಕಪ್ಪಾಗುತ್ತೆ. ಆದರೆ ಹೇಳಿದ ಕೆಲಸ ಮಾಡುತ್ತೆ.”

“ಮತ್ತೆ ನಿನ್ನ ಗ್ರೂಪ್ ಫೋಟೋ ಹಾಳಾಯ್ತು ಅಂತ ಊರಿಗೆಲ್ಲ ಹೇಳ್ತಿದ್ದೆ?”

“ಲೆನ್ಸಿಂದ ಹಾಳಾಗ್ಲಿಲ್ಲ. ನಾನೇ ಕತ್ತರಿಸಿದ್ದು.”

ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಮೊಬೈಲು ಕೆಳಗಿಟ್ಟಳು. ಬೀರುವಿನಿಂದ ಹಳೆಯ ಡೈರಿ ತಂದು, ಅದರೊಳಗಿದ್ದ ದೊಡ್ಡ ತುಂಡನ್ನು ಕೊಟ್ಟು, ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ಎಂಟು ಗಂಟೆಯನ್ನೂ ಬಿಡಲಿಲ್ಲ, ‘ಆಗಲಿ ಸರ್’ ಎಂದದ್ದನ್ನೂ ಬಿಡಲಿಲ್ಲ. ಅವಳು ಆ ಹೆಗಲಿನ ಮೇಲಿದ್ದ ಕೈಯನ್ನು ನೋಡಿದಳು. ಆಮೇಲೆ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಬೆರಳು ಎಣಿಸಿದಳು.

“ಅಮ್ಮಾ, ನಾಲ್ಕೇ ಕಾಣ್ತಿದೆ.”

“ಹೆಬ್ಬೆರಳು ಕೃಷ್ಣನ ಹೆಗಲ ಹಿಂದೆ ಇದೆ” ಎಂದೆ. “ಇದೆ. ಆ ದಿನ ಇತ್ತು.”